ಮೂರನೆಯ ಪ್ರಕಟಣೆ

ಗಂಟಲು ಕೆಡಲಿಲ್ಲ. ಶನಿವಾರ ಮಧ್ಯಾಹ್ನ ಲಗಮಪ್ಪ ಎರಡು ದಿನದ ಹುಳಿ ಮಜ್ಜಿಗೆಯನ್ನು ಎರಡು ಲೋಟ ಕುಡಿದಿದ್ದ. ಸಂಜೆ ಕಾಗದದ ಕಾರ್ಖಾನೆಯ ಕ್ಯಾಂಟೀನಿನ ಹಿಂದೆ ಒಬ್ಬನೇ ನಿಂತು ಉಪ್ಪು ಹಚ್ಚಿದ ಹುಣಸೆಹಣ್ಣು ತಿಂದಿದ್ದ. ಮಲಗುವಾಗ ಕಿಟಕಿ ತೆರೆದಿಟ್ಟು, ಕಾಳೀ ನದಿಯ ಕಡೆಯಿಂದ ಬರುವ ತಣ್ಣನೆಯ ಗಾಳಿಗೆ ಕತ್ತು ಕೊಟ್ಟಿದ್ದ. ನಲವತ್ತಾರು ವರ್ಷದ ಮನುಷ್ಯ, ಸಾಲೆಗೆ ಹೋಗಲೊಲ್ಲದ ಹುಡುಗನಂತೆ ಜ್ವರಕ್ಕಾಗಿ ಕಾದಿದ್ದ. ರವಿವಾರ ಕಾರ್ಖಾನೆಯ ಆರು ಗಂಟೆಯ ಭೋಂಗಾ ಕೂಗಿದಾಗ ಎದ್ದು, ಹಿತ್ತಲಿಗೆ ಹೋಗಿ, ಬೇಲಿಯ ಕಡೆ ಮುಖ ಮಾಡಿ, ಯಾರಿಗೂ ಕೇಳದಷ್ಟು ಮೆಲ್ಲಗೆ ಒಂದು ಸಾಲು ಹೇಳಿ ನೋಡಿದ. ದನಿ ಸ್ವಚ್ಛವಾಗಿತ್ತು. ಎಂದಿಗಿಂತಲೂ ತುಸು ಹೆಚ್ಚೇ ಸ್ವಚ್ಛವಾಗಿತ್ತು.

ಒಳಗೆ ಬಂದು, "ಯಾಕೋ ಗಂಟಲಾ ಸರಿ ಇಲ್ಲ," ಅಂದ.

ಹೆಂಡತಿ ಸಕ್ಕುಬಾಯಿ ಒಲೆಯ ಮುಂದಿನಿಂದ ತಿರುಗಲಿಲ್ಲ. "ಈಗರ ಹಿತ್ತಲದಾಗ ಹಾಡಾಕ ಹತ್ತಿದ್ರಿ?"

"ಹಾಡಲಿಲ್ಲ. ಹೆಂಗೈತಿ ನೋಡಿದ್ನಿ, ಅಷ್ಟ."

"ತಡೀರಿ, ಶುಂಠಿ ಮೆಣಸು ಕುದಿಸಿ ಕೊಡ್ತೇನಿ. ದಿನಾ ಬಿಟ್ಟು ಇವತ್ತ ಕೈ ಕೊಡತೈತೇನು ನಿಮ್ಮ ಗಂಟಲಾ? ಮಾಲವ್ವಕ್ಕನ ಮಗಳ ಲಗ್ನದ್ದು ಮೂರನೇದು ಓದೂದೈತಿ. ಪಂಚ ಯಲ್ಲಪ್ಪಣ್ಣನ ಮುಂದ ನೀವು ಗೊರಗೊರ ಅಂದ್ರ ಹೆಂಗಸರ ಸಾಲಿನ್ಯಾಗ ನಾ ಎಲ್ಲಿ ಮಾರಿ ಇಟ್ಟುಕೊಳ್ಳಲಿ?"

ಆಕೆ ಕೊಟ್ಟ ಕಷಾಯವನ್ನು ಅವನು ಕುಡಿದ. ಬೇಡವೆನ್ನಲು ಕಾರಣ ಬೇಕಾಗಿತ್ತು, ಕಾರಣ ಆಕೆಗೆ ಹೇಳುವಂಥದಾಗಿರಲಿಲ್ಲ. ಬಿಸಿ ಇಳಿದಂತೆ ಗಂಟಲಿನಲ್ಲಿ ಉಳಿದಿದ್ದ ಚೂರುಪಾರು ಹುಣಸೆಯ ಒರಟೂ ಕರಗಿತು. ಎದುರಿನ ಗೋಡೆಯ ಮೇಲೆ ಬಿಷಪ್ಪರ ಸಹಿಯ ಕಾಗದ ಚೌಕಟ್ಟಿನಲ್ಲಿತ್ತು. ದಾಂಡೇಲಿಯ ಕ್ರೈಸ್ತ ಸಭೆಯಲ್ಲಿ ಪಾದ್ರಿ ಅಯ್ಯನವರು ಇಲ್ಲದ ರವಿವಾರ ಬೆಳಗಿನ ಆರಾಧನೆ ನಡೆಸಲು, ಪಾಠ ಓದಲು, ಲಗ್ನದ ಪ್ರಕಟಣೆ ಮಾಡಲು ಈತನಿಗೆ ಅಧಿಕಾರವಿದೆ ಎಂದು ಅದರಲ್ಲಿ ಬರೆದಿತ್ತು. ಅಯ್ಯನವರು ಹುಬ್ಬಳ್ಳಿಯಿಂದ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದರು. ಉಳಿದ ರವಿವಾರಗಳಲ್ಲಿ ಮೂವತ್ತೊಂದು ಮನೆಗಳ ಆ ಸಭೆಗೆ ಲಗಮಪ್ಪನ ದನಿಯೇ ದನಿ. ವಾರದ ಆರು ದಿನ ಅವನು ಕಾರ್ಖಾನೆಯ ಗೇಟಿನ ಬಳಿ ಬಿದಿರಿನ ಲಾರಿಗಳನ್ನು ತೂಗುವ ಕಾಟಾದ ಕಾರಕೂನ. ಅಲ್ಲಿ ಅವನ ದನಿಯನ್ನು ಯಾರೂ ಕೇಳುತ್ತಿರಲಿಲ್ಲ, ಡ್ರೈವರುಗಳು ಅವನ ಕೈಯಿಂದ ಚೀಟಿ ಕಿತ್ತುಕೊಂಡು ಹೋಗುತ್ತಿದ್ದರು. ಆ ಕಾಗದ ಬಂದ ದಿನ ಅವನು ಚೌಕಟ್ಟಿಗೆಂದು ಹಳಿಯಾಳದ ಪೇಟೆಯವರೆಗೆ ಹೋಗಿ ಬಂದಿದ್ದ.

ಮೂರು ರವಿವಾರ ಓದಬೇಕು, ಅದು ನೇಮ. ಇಂಥವನ ಮಗ ಇಂಥವನಿಗೂ ಇಂಥವಳ ಮಗಳು ಇಂಥವಳಿಗೂ ಲಗ್ನ ಗೊತ್ತಾಗಿದೆ, ಇದಕ್ಕೆ ಅಡ್ಡಿ ಏನಾದರೂ ಇದ್ದದ್ದು ಯಾರಿಗಾದರೂ ತಿಳಿದಿದ್ದರೆ ಈಗ ಹೇಳಬೇಕು ಎಂದು ಸಭೆಯ ಮುಂದೆ ಕೇಳಬೇಕು. ಮೂರರಲ್ಲಿ ಒಂದು ತಪ್ಪಿದರೂ ಅಯ್ಯನವರು ಲಗ್ನ ಮಾಡುವುದಿಲ್ಲ. ಫೆಬ್ರವರಿ ಹದಿನೆಂಟಕ್ಕೆ ಒಂದು ಆಗಿತ್ತು. ಆ ಹೊತ್ತಿಗೆ ಎಂಟು ಗ್ರಹ ಕೂಡಿ ಲೋಕ ಮುಳುಗುತ್ತದೆಂದು ಅಂಜಿದ್ದ ಮಂದಿ ಅಂಜಿಕೆ ಮರೆತು ಇಲೆಕ್ಷನ್ನಿನ ಮಾತಿಗೆ ಬಿದ್ದಿದ್ದರು. ಇಪ್ಪತ್ತೈದಕ್ಕೆ ಎರಡನೆಯದು ಆಗಿತ್ತು. ಇವತ್ತು ಮಾರ್ಚ್ ನಾಲ್ಕು. ನಾಳೆ ಸಂಜೆಯ ಬಸ್ಸಿಗೆ ಅಯ್ಯನವರು ಬರುತ್ತಾರೆ, ಮಂಗಳವಾರ ಬೆಳಿಗ್ಗೆ ಎಲಿಯಾನಿಗೂ ಮಾಲವ್ವನ ಮಗಳಿಗೂ ಲಗ್ನ. ಬುಧವಾರದಿಂದ ಲೆಂಟ್ ಹಿಡಿಯುತ್ತದೆ. ಉಪವಾಸದ ಆ ನಲವತ್ತು ದಿನ, ಈಸ್ಟರ್ ಆಗುವ ತನಕ, ಈ ಸಭೆಯಲ್ಲಿ ಯಾರಿಗೂ ಲಗ್ನವಿಲ್ಲ. ಇದನ್ನೆಲ್ಲ ಸಭೆಯ ಪೂರ್ಣ ಸದಸ್ಯರಾಗುವ ಮುನ್ನ ಕೂಡುವ ದೃಢೀಕರಣದ ವರ್ಗದಲ್ಲಿ ಹುಡುಗ ಹುಡುಗಿಯರಿಗೆ ಕಲಿಸುವವನು ಲಗಮಪ್ಪನೇ. ಮಾಲವ್ವನ ಮಗಳು ರೂತವ್ವ ಕಲಿತದ್ದೂ ಅವನಿಂದಲೇ. ಆ ವರ್ಗದಲ್ಲಿ ಹನ್ನೊಂದು ಮಕ್ಕಳಿದ್ದರು, ಹೇಳಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡವಳು ಈಕೆಯೊಬ್ಬಳೇ. ಅದು ಅವನಿಗೆ ಆಗ ಹೆಮ್ಮೆಯ ವಿಷಯವಾಗಿತ್ತು.

ಗುರುವಾರ ಮಧ್ಯಾಹ್ನ ಆಕೆ ಕಾಟಾದ ಕೋಣೆಗೆ ಬಂದಿದ್ದಳು. ಕಾರ್ಖಾನೆಯಲ್ಲಿ ಕಾಗದದ ಹಾಳೆ ಆರಿಸುವ ತಾಯಿಗೆ ಬುತ್ತಿ ಕೊಟ್ಟು ಬರುವ ದಾರಿ ಅದು. ಅಣಶಿ ಕಡೆಯಿಂದ ಬಂದ ಲಾರಿಯೊಂದು ಕಾಟಾದ ಮೇಲೆ ನಿಂತಿತ್ತು, ಮುಳ್ಳು ಇನ್ನೂ ತೂಗಾಡುತ್ತಿತ್ತು, ಅವನು ಅದು ನಿಲ್ಲುವುದನ್ನು ಕಾಯುತ್ತಿದ್ದ. ಕಿಟಕಿಯಲ್ಲಿ ಆಕೆಯ ಮುಖ ಕಂಡಿತು. ಹತ್ತೊಂಬತ್ತು ವರ್ಷ, ಗಿಡ್ಡ ಮೈ, ಮಾತಾಡುವ ಮೊದಲು ತುಟಿ ಒಳಗೆ ಎಳೆದುಕೊಳ್ಳುವ ರೂಢಿ.

"ಕಾಕಾ, ಈ ರವಿವಾರ ಓದಾವ್ರು ನೀವ ಏನ್ರಿ?"

"ಮತ್ಯಾರು ಓದ್ತಾರವಾ?"

"ಓದಬ್ಯಾಡ್ರಿ."

ಅವನು ಲಾರಿಯ ನಂಬರು ಬರೆದ. ತೂಕ ಬರೆದ. ಚೀಟಿ ಹರಿದು ಕೊಟ್ಟ. ಲಾರಿ ಇಳಿದು ಹೋಯಿತು. ಆಕೆ ಎಲ್ಲವನ್ನೂ ಲೆಕ್ಕ ಹಾಕಿಕೊಂಡೇ ಬಂದಿದ್ದಳು. ರವಿವಾರದ್ದು ತಪ್ಪಿದರೆ ಮಂಗಳವಾರ ಲಗ್ನವಿಲ್ಲ. ಬುಧವಾರ ಲೆಂಟ್. ಈಸ್ಟರು ಏಪ್ರಿಲ್ ಇಪ್ಪತ್ತೆರಡಕ್ಕೆ. ಗದಗಿನ ಕಡೆಯ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ತರಬೇತಿಗೆ ಹುಡುಗಿಯರನ್ನು ಆರಿಸುವುದು ಏಪ್ರಿಲ್ ಎರಡಕ್ಕೆ. ಲಗ್ನವಾದವರನ್ನು ತೆಗೆದುಕೊಳ್ಳುವುದಿಲ್ಲ. ಅರ್ಜಿ ತುಂಬಿಕೊಟ್ಟವನು ಲಗಮಪ್ಪ. ಆ ಕಾಗದದಲ್ಲಿ 'ಅವಿವಾಹಿತೆ' ಎಂದು ಅವನ ಕೈಬರಹದಲ್ಲೇ ಇತ್ತು.

"ನಿಮ್ಮವ್ವಗ ಹೇಳೀಯಿಲ್ಲೋ?"

"ಹೇಳೇನ್ರಿ. ಅಳತಾಳ. ಹಾಳಿ ಆರಿಸಿ ಆರಿಸಿ ಕಣ್ಣು ಹೋದವು, ನಾಳೆ ಕೆಲಸದಿಂದ ತಗದ್ರ ಈ ಮನಿ ಬಿಡಬೇಕಾಗತೈತಿ, ನಿನ್ನ ಎಲ್ಲಿ ಇಡಲಿ ಅಂತಾಳ. ಅಕಿ ಅತ್ರ ನನಗ ಮಾತು ಬರೂದಿಲ್ಲ ಕಾಕಾ."

"ಎಲಿಯಾ ಕೆಟ್ಟ ಮನಶ್ಯಾ ಅಲ್ಲವಾ."

"ಅಲ್ರಿ. ನಾನೂ ಕೆಟ್ಟ ಅನ್ನಂಗಿಲ್ಲ."

"ಲಗ್ನದಾಗ ಅಯ್ಯನವರು ನಿನ್ನ ಹೆಸರು ಹಿಡದು ಕೇಳ್ತಾರ. ಮನಸ್ಸಿಲ್ಲಂದ್ರ ಅಲ್ಲಿ ಇಲ್ಲ ಅನಬಹುದು. ಅದೂ ನೇಮದಾಗ ಐತಿ."

ಆಕೆ ನಕ್ಕಳು. ಅದು ಅವನನ್ನು ಗುರುವಾರದಿಂದ ಚುಚ್ಚುತ್ತಿತ್ತು. ಸಿಟ್ಟಿನ ನಗೆಯಾಗಿದ್ದರೆ ಮರೆಯಬಹುದಾಗಿತ್ತು. ದೊಡ್ಡವರು ಸಣ್ಣವರ ಮಾತಿಗೆ ನಗುವಂಥ ನಗೆ ಅದು. "ಹೊಸಾ ಸೀರಿ ಉಟಗೊಂಡು, ಮಂದಿ ಎಲ್ಲಾ ಊಟಕ್ಕ ಬಂದು ಕುಂತ ಮ್ಯಾಲೆ ಇಲ್ಲ ಅನ್ನಾಕ ಬರತೈತೇನ್ರಿ ಕಾಕಾ? ನೀವಾದ್ರ ಸುಮ್ನಿದ್ರ ಸಾಕು. ಸುಳ್ಳು ಹೇಳ್ರಿ ಅನ್ನಂಗಿಲ್ಲ. ಗಂಟಲಾ ಕಟ್ಟೇತಿ ಅನ್ರಿ. ನಿಮ್ಮನ್ನ ಬಿಟ್ರ ಓದಾಕ ಯಾರಿಗೂ ಅಧಿಕಾರ ಇಲ್ಲ."

ಗಂಟಲು ಕಟ್ಟದೆ ಕಟ್ಟಿದೆ ಅನ್ನುವುದು ಸುಳ್ಳಲ್ಲವೇ ಎಂದು ಅವನು ಕೇಳಲಿಲ್ಲ. ಹೊರಗೆ ಇನ್ನೊಂದು ಲಾರಿ ಹಾರ್ನು ಹೊಡೆಯುತ್ತಿತ್ತು. "ನೋಡೂಣು," ಅಂದುಬಿಟ್ಟ. ಆಕೆಯ ಮುಖ ಬಿಚ್ಚಿಕೊಂಡಿತು. ಕೈ ಮುಗಿದು, ಖಾಲಿ ಡಬ್ಬಿ ತೂಗಾಡಿಸುತ್ತ ಗೇಟು ದಾಟಿ ಹೋದಳು. ಅವನು ಹೂಂ ಅಂದಿರಲಿಲ್ಲ. ನೋಡೂಣು ಅಂದಿದ್ದ. ಲಾರಿಯವರಿಗೆ, ಸಭೆಯವರಿಗೆ, ಹೆಂಡತಿಗೆ, ದಿನಕ್ಕೆ ಹತ್ತು ಸಲ ಅನ್ನುವ ಮಾತು. ಆದರೆ ಆಕೆ ಅದನ್ನು ತೆಗೆದುಕೊಂಡು ಹೋದ ರೀತಿಯನ್ನು ಅವನು ನೋಡಿದ್ದ, ಕೂಗಿ ಕರೆದು ತಿದ್ದಿರಲಿಲ್ಲ.

ಈಗ ಅವನು ಬಿಳಿ ನಿಲುವಂಗಿಯನ್ನು ಮಡಿಸಿ ಬಗಲಲ್ಲಿಟ್ಟುಕೊಂಡು ಕ್ವಾರ್ಟರ್ಸಿನ ಸಾಲು ದಾಟಿ ನಡೆದಿದ್ದ. ಕಾರ್ಖಾನೆಯ ಕೊಳೆತ ಕೋಸಿನಂಥ ವಾಸನೆ ಇವತ್ತು ಗಾಳಿ ತಿರುಗಿದ್ದರಿಂದ ಕಡಿಮೆಯಿತ್ತು. ಶಿವರಾತ್ರಿಯ ದಿನಗಳು, ನೆರೆಯ ಗುರುಬಸವ್ವ ಬಾಗಿಲ ಮುಂದೆ ಸಾರಿಸಿ ರಂಗೋಲಿ ಹಾಕುತ್ತಿದ್ದವಳು "ಓದಾಕ ಹೊಂಟ್ರೇನ್ರಿ?" ಎಂದಳು. ಹೂಂ ಎಂದ. ಹೂಂ ಅನ್ನುವುದು ಎಷ್ಟು ಸಲೀಸಾಗಿ ಬಂತು. ಶುಕ್ರವಾರ ಪಾಳಿ ಬಿಟ್ಟಾಗ ಎಲಿಯಾ ಗೇಟಿನಲ್ಲಿ ಸಿಕ್ಕಿದ್ದ. ಬಾಯ್ಲರಿನ ಮನೆಯಲ್ಲಿ ಕೆಲಸ ಮಾಡುವವನು, ಮೂವತ್ತನಾಲ್ಕು ವರ್ಷ, ಎರಡು ವರ್ಷದ ಹಿಂದೆ ಹೆಂಡತಿ ಬಾಣಂತನದಲ್ಲಿ ಹೋದಳು, ಇಬ್ಬರು ಹೆಣ್ಣುಮಕ್ಕಳು. ಮೊದಲನೆಯ ಪ್ರಕಟಣೆಯ ದಿನವೇ ಅವನು ಹಿಂದೆ ಉಳಿದು, "ಹುಡಿಗಿಗೆ ಒಪ್ಪಿಗಿ ಐತಲ್ರಿ ಅಣ್ಣಾ? ನೀವು ಕಲಿಸಿದ ಹುಡಿಗಿ, ನಿಮಗ ಗೊತ್ತಿರತೈತಿ," ಎಂದು ಕೇಳಿದ್ದ. ಲಗಮಪ್ಪ, "ಇರದ ಏನೋ," ಎಂದಿದ್ದ. ಆಗ ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಆದ್ದರಿಂದ ಅದು ಸುಳ್ಳಾಗಿರಲಿಲ್ಲ. ಶುಕ್ರವಾರ ಗೊತ್ತಿತ್ತು. ಎಲಿಯಾ ಸೈಕಲ್ಲಿನಿಂದ ಇಳಿದು, ಲಗ್ನಕ್ಕೆಂದು ಮಕ್ಕಳಿಗೆ ಹೊಲಿಸಿದ ಲಂಗದ ಮಾತು ಹೇಳಿದ, ಒಂದಕ್ಕೆ ಕೆಂಪು, ಒಂದಕ್ಕೆ ಹಸಿರು, ಅಳತೆ ಸಣ್ಣದಾಯಿತು ಅಂತ ಸಿಂಪಿಗನ ಹತ್ತಿರ ಮತ್ತೆ ಕೊಟ್ಟಿದ್ದೇನೆ ಎಂದ. ಒಂದು ಮಾತು ಸಾಕಾಗಿತ್ತು. ಆ ಮನುಷ್ಯ ಅಲ್ಲಿಯೇ ನಿಂತು ಕೇಳಿ, ಮಂಗಳವಾರದ ಲಗ್ನವನ್ನು ತಾನೇ ಬಿಡಿಸುತ್ತಿದ್ದ, ಅಂಥವನೇ ಅವನು. ಆದರೆ ಆಮೇಲೆ ಅವನ ಕಾಕಾ ಯಲ್ಲಪ್ಪ ಕೇಳುತ್ತಿದ್ದ, ಯಾರು ಹೇಳಿದರು? ಲಂಗದ ಅಳತೆ ಸರಿ ಮಾಡಿಸಿಕೋ ಎಂದು ಹೇಳಿ ಲಗಮಪ್ಪ ಮನೆಗೆ ಬಂದಿದ್ದ.

ಚರ್ಚು ಎಂದರೆ ತೇಗದ ಹಲಗೆಯ ಗೋಡೆ, ತಗಡಿನ ಮಾಡು. ತಗಡು ಕೊಡಿಸಿದವನು ಯಲ್ಲಪ್ಪ ಮಿಸ್ತ್ರಿ, ಗಂಟೆಯ ಬದಲು ಮಾವಿನ ಗಿಡಕ್ಕೆ ತೂಗುಹಾಕಿದ ರೈಲು ಹಳಿಯ ತುಂಡು ತಂದವನೂ ಅವನೇ. ಸಭೆಯ ಪಂಚ, ಫಿಟ್ಟರುಗಳ ಹಿರಿಯ, ಎಲಿಯಾನ ಕಾಕಾ. ಲಗಮಪ್ಪನಿಗೆ ಕ್ವಾರ್ಟರ್ಸು ಸಿಕ್ಕಿದ್ದು ಅವನು ಸಾಹೇಬರ ಹತ್ತಿರ ಆಡಿದ ಒಂದು ಮಾತಿನಿಂದ. ಅದನ್ನು ಯಲ್ಲಪ್ಪ ಎಂದೂ ಎತ್ತಿ ಆಡಿದವನಲ್ಲ. ಆಡಿದ್ದರೆ ಚೆನ್ನಾಗಿರುತ್ತಿತ್ತು ಎಂದು ಲಗಮಪ್ಪನಿಗೆ ಎಷ್ಟೋ ಸಲ ಅನ್ನಿಸಿತ್ತು. ಗಿಡದ ಕೆಳಗೆ ಹೆಂಗಸರು ಮಂಗಳವಾರದ ಊಟಕ್ಕೆ ಅಕ್ಕಿ ಹಸನು ಮಾಡಲು ಮೊರ ಹಿಡಿದು ಬಂದು, ಆರಾಧನೆ ಮುಗಿಯುವತನಕ ಇರಲೆಂದು ಮೊರಗಳನ್ನು ಗೋಡೆಗೆ ಒರಗಿಸುತ್ತಿದ್ದರು. ಬಾಗಿಲಿಗೆ ಆಗಲೇ ಬಣ್ಣದ ಕಾಗದದ ಮಾಲೆ ಕಟ್ಟಿ ಆಗಿತ್ತು.

"ಬರ್ರಿ ಬರ್ರಿ," ಎಂದ ಯಲ್ಲಪ್ಪ. "ಹೆಂಗೈತಿ ಗಂಟಲಾ? ಸಕ್ಕುಬಾಯವರು ನಮ್ಮನಿಯಾಕಿಗೆ ಹೇಳಿದ್ರಂತ, ಸರಿ ಇಲ್ಲಂತ."

ಅಷ್ಟರಲ್ಲೇ ಇಲ್ಲಿಗೆ ಸುದ್ದಿ ಮುಟ್ಟಿತ್ತು. ಇದೇ ಹೊತ್ತು ಎಂದು ಲಗಮಪ್ಪನಿಗೆ ಅನ್ನಿಸಿತು. ಸುಳ್ಳನ್ನು ಬೇರೆಯವರೇ ಹೊತ್ತು ತಂದು ಕೈಯಲ್ಲಿ ಇಟ್ಟಿದ್ದರು, ಮುಷ್ಟಿ ಮುಚ್ಚಿದರೆ ಸಾಕು.

"ಸ್ವಲ್ಪ ಹಿಡಕೊಂಡೈತ್ರಿ," ಎಂದ.

ಮಾತು ಗಂಟೆಯ ಹಾಗೆ ಹೊರಬಿತ್ತು. ಯಲ್ಲಪ್ಪ ಜೋರಾಗಿ ನಕ್ಕು ಅವನ ಬೆನ್ನು ಚಪ್ಪರಿಸಿದ. "ಹಿಡಕೊಂಡ್ರ ಹಿಂಗೈತಿ, ಬಿಟ್ರ ಹಳಿಯಾಳ ಮಟಾ ಕೇಳತೈತಿ! ನೋಡವಾ ಮಾಲವ್ವ, ನಿನ್ನ ಮಗಳದು ಓದಾಕ ಸ್ವಾಮಿ ಗಂಟಲಾ ಕಾಯ್ಸಿಕೊಂಡು ಬಂದಾನ!" ಸುತ್ತ ನಿಂತವರು ನಕ್ಕರು. ಮಾಲವ್ವ ಕಣ್ಣು ಕಿರಿದು ಮಾಡಿಕೊಂಡು, ದನಿ ಬಂದ ಕಡೆ ಮುಖ ತಿರುಗಿಸಿ ನಕ್ಕಳು. ಆಕೆಗೆ ನಾಲ್ಕು ಮಾರು ಆಚೆ ಇದ್ದವರ ಮುಖ ಕಾಣುತ್ತಿರಲಿಲ್ಲ. ಹಾಳೆ ಆರಿಸುವ ಮೇಜಿನಲ್ಲಿ ಬೆರಳಿನಿಂದ ಮುಟ್ಟಿಯೇ ಕೆಟ್ಟ ಹಾಳೆ ತೆಗೆಯುತ್ತಾಳೆಂದು, ಮೇಸ್ತ್ರಿ ನೋಡಿಯೂ ನೋಡದಂತೆ ಇದ್ದಾನೆಂದು ಸಕ್ಕುಬಾಯಿ ಹೇಳಿದ್ದಳು. ಈ ಸಂಬಂಧ ಬಂದಾಗ ಮಾಲವ್ವ ಮೊದಲು ಕೇಳಲು ಬಂದದ್ದು ಲಗಮಪ್ಪನನ್ನೇ. "ಮಾಡಲ್ಯಾ ಅಣ್ಣಾ? ನೀವು ಹೂಂ ಅಂದ್ರ ನಾ ಹೂಂ." ಅವನು ಹೂಂ ಅಂದಿದ್ದ. ಯಲ್ಲಪ್ಪನ ಮನೆಯ ಸಂಬಂಧಕ್ಕೆ ಬೇರೆ ಏನು ಅನ್ನಲು ಬರುತ್ತಿತ್ತು?

ರೂತವ್ವ ಬಾಗಿಲಲ್ಲಿ ನಿಂತು ಹಾಡಿನ ಪುಸ್ತಕ ಹಂಚುತ್ತಿದ್ದಳು. ಅವನಿಗೂ ಒಂದು ಕೊಟ್ಟಳು. ಆಕೆಯ ನೋಟ ಒಂದು ಗಳಿಗೆ ನೇರವಾಗಿ ಬಂದು ಅವನಲ್ಲಿ ಇಳಿಯಿತು, ಗೊತ್ತಿರುವ ಒಪ್ಪಂದವನ್ನು ಇನ್ನೊಮ್ಮೆ ಕೇಳುವ ಅಗತ್ಯವಿಲ್ಲದವರ ನೋಟ.

ಹಳಿಯ ತುಂಡು ಬಾರಿಸಿದರು. ಎಲ್ಲರೂ ಒಳಗೆ ಬಂದು, ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ ಜಮಖಾನೆಯ ಮೇಲೆ ಕುಳಿತರು. ಆರಾಧನೆ ತನ್ನ ಹಳಿಯ ಮೇಲೆ ತಾನೇ ಹೊರಟಿತು. ಪಾಪದ ಅರಿಕೆ, ಕೀರ್ತನೆ, ಮೊದಲನೆಯ ಪಾಠ. ಓದುವಾಗ ಲಗಮಪ್ಪನಿಗೆ ಎಂದಿನಂತೆ ತಾನು ಇನ್ನೊಬ್ಬನಾದಂತೆ ಅನ್ನಿಸತೊಡಗಿತು. ಬೆಟಗೇರಿಯಲ್ಲಿ ಅವನ ಅಪ್ಪ ಚರ್ಚಿನ ಕೊನೆಯ ಸಾಲಿನಲ್ಲಿ ಕುಳಿತು, ಅಕ್ಷರ ಬಾರದಿದ್ದರೂ ಪುಸ್ತಕ ತೆರೆದು ಹಿಡಿದುಕೊಳ್ಳುತ್ತಿದ್ದ, ಒಮ್ಮೆ ತಲೆಕೆಳಗಾಗಿ ಹಿಡಿದದ್ದನ್ನು ಯಾರೋ ಕಂಡು ಅವನ ಕೈಯಿಂದ ತೆಗೆದು ನೆಟ್ಟಗೆ ಮಾಡಿ ಕೊಟ್ಟಿದ್ದರು, ಅಪ್ಪ ಅವರಿಗೆ ಕೈ ಮುಗಿದಿದ್ದ. ಆ ಕೈ ಮುಗಿದದ್ದನ್ನು ಲಗಮಪ್ಪ ಮರೆಯಲಾರ. ಕಳೆದ ಕ್ರಿಸ್ಮಸ್ಸಿನಲ್ಲಿ ಅವನೇ ತಪ್ಪು ಅಧ್ಯಾಯ ತೆರೆದು ಅರ್ಧ ಓದಿದ ಮೇಲೆ ಯಲ್ಲಪ್ಪ ಕುಳಿತಲ್ಲಿಂದ, "ಇದು ದುಃಖದ ಶುಕ್ರವಾರದ್ದಲ್ಲೇನ್ರಿ ಲಗಮಪ್ಪ, ಹುಟ್ಟಿದ ದಿನಾನ ಕೊಲ್ಲಾಕ ಹೊಂಟ್ರೆಲಾ?" ಎಂದಿದ್ದ. ಮಕ್ಕಳು ಮರಿ ಎಲ್ಲ ನಕ್ಕಿದ್ದರು, ಅಯ್ಯನವರೂ ನಕ್ಕಿದ್ದರು. ಮೂರು ದಿನ ಅವನಿಗೆ ಊಟ ರುಚಿಸಿರಲಿಲ್ಲ.

ಎರಡನೆಯ ಪಾಠ ಮುಗಿಯಿತು. ಪುಸ್ತಕದ ನಡುವೆ ಪ್ರಕಟಣೆಯ ಕಾಗದ ಇತ್ತು. ಇಲ್ಲಿಯೇ ಓದಬೇಕು, ಪಾಠವಾದ ಕೂಡಲೆ, ಸಭೆ ಕುಳಿತಿರುವಾಗಲೇ. ಅವನು ಕಾಗದದ ಮೇಲೆ ಅಂಗೈ ಇಟ್ಟ. ಕೆಳಗೆ ಕಾಗದ ಇದೆಯೆಂದು ಅಂಗೈಗೆ ತಿಳಿಯುತ್ತಿತ್ತು. "ಈಗ ಗೀತೆ," ಎಂದ.

ಅಷ್ಟೇ. ಹಾರ್ಮೋನಿಯಂ ಹಿಡಿದುಕೊಂಡಿತು, ಸಭೆ ಎದ್ದು ನಿಂತಿತು, ಹಾಡು ಶುರುವಾಯಿತು. ಇಷ್ಟು ಸುಲಭವಿತ್ತೇ? ಅವನ ಎದೆಯಲ್ಲಿ ಎಂದೂ ಗೊತ್ತಿಲ್ಲದ ಒಂದು ಹಗುರ. ಎಡಗಡೆ ಮೂರನೆಯ ಸಾಲಿನಲ್ಲಿ ರೂತವ್ವ ಹಾಡುತ್ತಿದ್ದಳು. ಬಾಯಿ ದೊಡ್ಡದಾಗಿ ತೆರೆದು, ಪುಸ್ತಕ ನೋಡದೆ ಹಾಡುತ್ತಿದ್ದಳು. ಏಪ್ರಿಲ್ ಎರಡಕ್ಕೆ ಆಕೆ ಗದಗಿಗೆ ಹೋಗಬಹುದು, ಅಳ್ನಾವರದ ರೈಲು ಹಿಡಿದು, ಬಗಲಲ್ಲಿ ಗಂಟು ಇಟ್ಟುಕೊಂಡು. ಯಾರಾದರೂ ಕೇಳಿದರೆ, ಮರೆತೆ ಅನ್ನಬೇಕು. ಮರೆಯುವುದು ಪಾಪವಲ್ಲ. ನಗಲಿ. ನಗುತ್ತಾರೆ ಅಷ್ಟೇ. ಹಾಡಿನ ನಾಲ್ಕು ಚರಣ ಮುಗಿಯುವವರೆಗೆ ಅವನು ಧೈರ್ಯವಂತನಾಗಿದ್ದ.

ಹಾಡು ನಿಂತಿತು. ಮುಂದೆ ವಿಶ್ವಾಸಪ್ರಮಾಣ, ಎಲ್ಲರೂ ನಿಂತೇ ಹೇಳುವುದು. ಅವನು ಬಾಯಿ ತೆರೆಯುವಷ್ಟರಲ್ಲಿ ಹೆಂಗಸರ ಕಡೆಯಿಂದ ದನಿ ಬಂತು. ಯಲ್ಲಪ್ಪನದಲ್ಲ. ಯಲ್ಲಪ್ಪನದಾಗಿದ್ದರೆ ಅವನು ಸಿದ್ಧನಿದ್ದ.

"ಅಣ್ಣಾ, ನಮ್ಮ ಹುಡಿಗೀದು ಓದೂದು ಮರತ್ರೆಲಾ," ಎಂದಳು ಮಾಲವ್ವ.

ಮೆಲ್ಲಗೆ ಅಂದಿದ್ದಳು. ಇಡೀ ಸಭೆಗೆ ಕೇಳಿತು. ಮೊದಲು ಹಿಂದಿನ ಸಾಲಿನ ಹುಡುಗಿಯರು ನಕ್ಕರು, ಆಮೇಲೆ ಎಲ್ಲರೂ. ಪ್ರೀತಿಯ ನಗು ಅದು, ಲಗ್ನದ ಮನೆಯ ನಗು. ಯಲ್ಲಪ್ಪ, "ಅವರಿಗೂ ವಯಸ್ಸಾತು ಬಿಡವಾ," ಎಂದ. "ಕುಂದರ್ರಿ ಎಲ್ಲಾರೂ, ಕುಂದರ್ರಿ. ಓದ್ರಿ ಲಗಮಪ್ಪ, ನಮ್ಮ ಎಲಿಯಾ ಅಲ್ಲಿ ಬೆವರಾಕ ಹತ್ಯಾನ." ಇನ್ನೊಂದು ನಗೆ. ಮೂವತ್ತೊಂದು ಮನೆಯ ಮಂದಿ ಸೀರೆ, ಧೋತರ ಸರಿಮಾಡಿಕೊಳ್ಳುತ್ತ ಜಮಖಾನೆಯ ಮೇಲೆ ಮತ್ತೆ ಕುಳಿತರು, ಮುಖ ಮೇಲೆತ್ತಿ ಅವನನ್ನು ನೋಡತೊಡಗಿದರು.

ಗಂಟಲು ಕಟ್ಟಿದೆ ಅನ್ನಬೇಕು. ಎರಡು ಪಾಠ ಓದಿದವನು, ನಾಲ್ಕು ಚರಣ ಹಾಡಿದವನು. ಆದರೂ ಅನ್ನಬಹುದಿತ್ತು. ಕೆಮ್ಮಬಹುದಿತ್ತು. ಕಾಗದ ಮನೆಯಲ್ಲಿ ಉಳಿಯಿತು ಅನ್ನಬಹುದಿತ್ತು, ಅಲ್ಲಿ ಕಾಗದದ ಅಂಚು ಪುಸ್ತಕದಿಂದ ಹೊರಗೆ ಬಂದಿರದಿದ್ದರೆ. ನಾನು ಓದುವುದಿಲ್ಲ ಅನ್ನಬಹುದಿತ್ತು. ಈ ಕೊನೆಯ ಮಾತು ಮನಸ್ಸಿನಲ್ಲಿ ಬಂದ ಕೂಡಲೆ ಅವನಿಗೆ ತಗಡಿನ ಮಾಡು, ಗೋಡೆಯ ಚೌಕಟ್ಟು, ಸಕ್ಕುಬಾಯಿಯ ಮುಖ, ಮಾಲವ್ವ ದನಿ ಬಂದತ್ತ ಕಣ್ಣು ಕಿರಿದು ಮಾಡಿ ನೋಡುವ ರೀತಿ, ಎಲ್ಲ ಒಟ್ಟಿಗೆ ಕಂಡವು. ಆಕೆಯ ಕಣ್ಣಿಗೆ ಅವನು ಕಾಣುತ್ತಿರಲಿಲ್ಲ, ಒಂದು ಬಿಳಿ ಬಟ್ಟೆ ಕಾಣುತ್ತಿತ್ತು. ಆ ಬಿಳಿ ಬಟ್ಟೆ ಓದಲಿ ಎಂದು ಆಕೆ ಕಾಯುತ್ತಿದ್ದಳು. ಕೈ ತನ್ನಷ್ಟಕ್ಕೆ ಕಾಗದ ತೆಗೆಯಿತು. ದನಿ ತನ್ನಷ್ಟಕ್ಕೆ ಹೊರಟಿತು.

ಚೆನ್ನಾಗಿ ಓದಿದ. ಅದು ಅವನಿಗೂ ಕೇಳಿಸಿತು. ಎಲಿಯಾನ ಹೆಸರು, ಅವನ ತಂದೆಯ ಹೆಸರು, ವಿಧುರ ಎಂಬುದು. ರೂತವ್ವನ ಹೆಸರು, ತೀರಿಹೋದ ತಂದೆಯ ಹೆಸರು, ಅವಿವಾಹಿತೆ ಎಂಬುದು. ಇಬ್ಬರೂ ಇದೇ ಸಭೆಯವರು. ಇದು ಮೂರನೆಯ ಸಲ. ಅಡ್ಡಿ ಇದ್ದದ್ದು ಯಾರಿಗಾದರೂ ತಿಳಿದಿದ್ದರೆ ಹೇಳಿರಿ.

ಇಲ್ಲಿ ನಿಲ್ಲಬೇಕು. ಎಷ್ಟು ಹೊತ್ತು ಎಂದು ಯಾವ ನೇಮದಲ್ಲೂ ಬರೆದಿಲ್ಲ. ಲಗಮಪ್ಪ ಹಿಂದಿನ ಎರಡು ಸಲ ಕಾಟಾದ ಮುಳ್ಳು ನಿಲ್ಲಲು ಹಿಡಿಯುವಷ್ಟು ಹೊತ್ತು ನಿಂತಿದ್ದ, ಮನಸ್ಸಿನಲ್ಲಿ ಐದು ಎಣಿಸಿ. ಕೇಳುವವನು ತಾನು, ಉತ್ತರ ಗೊತ್ತಿದ್ದವನೂ ತಾನು. ಉತ್ತರ ಕೊಡುವವನಿಗೆ ಜಮಖಾನೆಯ ಮೇಲೆ ಜಾಗವಿತ್ತು, ಮೇಜಿನ ಹಿಂದೆ ಇರಲಿಲ್ಲ. ಮತ್ತೆ, ಮನಸ್ಸಿಲ್ಲ ಎಂಬುದು ಅಡ್ಡಿಗಳ ಪಟ್ಟಿಯಲ್ಲಿ ಇಲ್ಲ. ರಕ್ತಸಂಬಂಧ, ಬದುಕಿರುವ ಗಂಡ ಅಥವಾ ಹೆಂಡತಿ, ಕಡಿಮೆ ವಯಸ್ಸು, ಇವು ಇವೆ. ಎಣಿಸಿದ. ಒಂದು, ಎರಡು. ಹಿಂದಿನ ಸಾಲಿನಲ್ಲಿ ಎಲಿಯಾ ಕುತ್ತಿಗೆಯವರೆಗೆ ಗುಂಡಿ ಹಾಕಿದ ಅಂಗಿಯಲ್ಲಿ ನೆಲ ನೋಡುತ್ತಿದ್ದ, ಉಜ್ಜಿ ತೊಳೆದ ಕೈಗಳು ಮೊಣಕಾಲಿನ ಮೇಲಿದ್ದವು. ಮೂರು. ರೂತವ್ವ ತಲೆ ಎತ್ತಿ ಅವನನ್ನು ನೋಡುತ್ತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಪ್ರಶ್ನೆಯನ್ನು ಅವನಿಗೇ ಕೇಳಿದ್ದಾರೆ, ಅವನು ಯಾಕೆ ಸುಮ್ಮನಿದ್ದಾನೆ ಎಂದು ನೋಡುವಂತೆ ನೋಡುತ್ತಿದ್ದಳು. ನಾಲ್ಕು. ಆಕೆ ತುಟಿ ಒಳಗೆ ಎಳೆದುಕೊಂಡಳು. ಬಲಗೈಯನ್ನು ಜಮಖಾನೆಯ ಮೇಲೆ ಊರಿದಳು. ಒಂದು ಮೊಣಕಾಲು ಎತ್ತಿದಳು.

ಎಣಿಸದೆ ನಿಲ್ಲಬಹುದಾಗಿತ್ತು. ಅದೊಂದನ್ನು ಆಕೆ ಕೇಳಿರಲಿಲ್ಲ, ಯಾರೂ ಕೇಳಿರಲಿಲ್ಲ, ಅದಕ್ಕೆ ಸುಳ್ಳೂ ಬೇಕಿರಲಿಲ್ಲ. ಆಕೆ ಎದ್ದು ನಿಂತು ಏನು ಹೇಳುತ್ತಿದ್ದಳು? ನಾ ಒಲ್ಲೆ ಅನ್ನುತ್ತಿದ್ದಳೇ? ಲಗಮಕಾಕಾ ಮಾತು ಕೊಟ್ಟಿದ್ದ ಅನ್ನುತ್ತಿದ್ದಳೇ? ಎರಡನೆಯದು ಹೊಳೆದದ್ದೇ ತಡ, ಅವನ ಬಾಯಿಂದ ವಿಶ್ವಾಸಪ್ರಮಾಣದ ಮೊದಲ ಮಾತು ಹೊರಬಿತ್ತು. ಜೋರಾಗಿ ಬಿತ್ತು, ಹಳಿಯಾಳದ ತನಕ ಕೇಳುವ ಹಾಗೆ.

ಸಭೆ ಎದ್ದಿತು. ಮೂವತ್ತು ವರ್ಷದ, ಅರವತ್ತು ವರ್ಷದ ರೂಢಿಯಿಂದ ಎಲ್ಲ ಮೊಣಕಾಲುಗಳೂ ಒಟ್ಟಿಗೆ ನೆಟ್ಟಗಾದವು, ಎಲ್ಲ ಮುಖಗಳೂ ಪೂರ್ವಕ್ಕೆ ತಿರುಗಿದವು, ಎಲ್ಲ ಬಾಯಿಗಳೂ ಅವನ ಮಾತಿಗೆ ಮಾತು ಕೂಡಿಸಿದವು. ಮೂರನೆಯ ಸಾಲಿನಲ್ಲಿ ಅರ್ಧ ಎದ್ದಿದ್ದ ರೂತವ್ವನ ತೋಳು ಹಿಡಿದು ಆಸರೆ ಮಾಡಿಕೊಂಡು ತಾಯಿ ಎದ್ದಳು. ಮಗಳೂ ಎದ್ದು ನಿಂತಳು. ಅಕ್ಕಪಕ್ಕದವರಿಗಿಂತ ಒಂದು ಕ್ಷಣ ಮುಂಚೆ ಎದ್ದಿದ್ದಳು, ಅಷ್ಟೇ. ಯಾರೂ ನೋಡಿರಲಿಲ್ಲ.

ಆರಾಧನೆ ಮುಗಿದ ಮೇಲೆ ಲಗಮಪ್ಪ ಪಕ್ಕದ ಸಣ್ಣ ಕೋಣೆಗೆ ಬಂದು ಪ್ರಕಟಣೆಯ ಪುಸ್ತಕ ತೆರೆದ. ತಾರೀಖು ಬರೆದ. ಮೂರನೆಯ ಸಲ ಎಂದು ಬರೆದ. ಆಕ್ಷೇಪಣೆ ಎಂಬ ಕಡೆ 'ಇಲ್ಲ' ಎಂದು ಬರೆಯಬೇಕಿತ್ತು. ಆದ ಸಂಗತಿಯನ್ನಷ್ಟೇ ಬರೆಯುವುದಾದರೆ ಅದು ಸರಿಯಾಗಿತ್ತು, ಅವನು ಅಕ್ಷರ ಅಕ್ಷರವಾಗಿ ಯೋಚಿಸಿ 'ಇಲ್ಲ' ಎಂದು ಬರೆದು ಸಹಿ ಮಾಡಿದ. ಹೊರಗೆ ಗಿಡದ ಕೆಳಗೆ ಮೊರದಲ್ಲಿ ಅಕ್ಕಿ ಕೇರುವ ಸದ್ದು ಶುರುವಾಗಿತ್ತು. ಯಲ್ಲಪ್ಪ ಯಾರಿಗೋ ಸಕ್ಕರೆಯ ಮಾತು ಹೇಳುತ್ತಿದ್ದ. ಎಲಿಯಾನ ಸಣ್ಣ ಮಗಳು ಬಣ್ಣದ ಮಾಲೆ ಹರಿದಳೆಂದು ಯಾರೋ ಬೈದಿದ್ದರು, ಅವಳು ಅಳುತ್ತಿದ್ದಳು.

ತಲೆ ಎತ್ತಿದಾಗ ರೂತವ್ವ ಹಾಡಿನ ಪುಸ್ತಕಗಳ ಒಟ್ಟಿಲನ್ನು ಎದೆಗೆ ಒರಗಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಪುಸ್ತಕದ ಕಪಾಟು ಆ ಕೋಣೆಯಲ್ಲೇ ಇತ್ತು.

"ಕಾಕಾ," ಎಂದಳು. "ನಾ ಎದ್ದಿದ್ನೆಲ್ರಿ."

ಅವನು ಪೆನ್ನಿನ ಟೊಪ್ಪಿಗೆ ಹಾಕಿದ. ತೆಗೆದ. ಮತ್ತೆ ಹಾಕಿದ.

"ಎಲ್ಲಾರೂ ಎದ್ದಿದ್ರಲ್ಲವಾ," ಎಂದ.

ಆಕೆ ಅದನ್ನು ಕೇಳಿಸಿಕೊಂಡು ನಿಂತಳು. ವರ್ಗದಲ್ಲಿ ಅವನು ಹೇಳಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವಾಗ ಹೀಗೆಯೇ ನಿಲ್ಲುತ್ತಿದ್ದಳು.

"ಹೌದ್ರಿ," ಎಂದಳು. "ಎಲ್ಲಾರೂ ಎದ್ದಿದ್ರು."

ಆಮೇಲೆ ಕಪಾಟಿನ ಮುಂದೆ ಕುಳಿತು ಪುಸ್ತಕಗಳನ್ನು ಒಂದೊಂದಾಗಿ ಜೋಡಿಸತೊಡಗಿದಳು. ಹರಿದವನ್ನು ಬೇರೆ ಇಟ್ಟಳು. ಕೋಣೆ ಇಕ್ಕಟ್ಟಾಗಿತ್ತು, ಆಕೆಯನ್ನು ದಾಟದೆ ಹೊರಗೆ ಹೋಗಲು ದಾರಿ ಇರಲಿಲ್ಲ. ನಿಲುವಂಗಿ ತೆಗೆಯದೆ, ಪುಸ್ತಕದ ಮೇಲೆ ಕೈ ಇಟ್ಟುಕೊಂಡು, ಆಕೆಯ ಕೆಲಸ ಮುಗಿಯುವುದನ್ನು ಕಾಯುತ್ತ ಲಗಮಪ್ಪ ಕುರ್ಚಿಯ ಮೇಲೆಯೇ ಕುಳಿತಿದ್ದ. ಇನ್ನೂ ಅರ್ಧ ಒಟ್ಟಿಲು ಉಳಿದಿತ್ತು.